‘ಸದ್ಯಕ್ಕೆ ಮಾತ್ರ’ ಅಂತ ಬಂದ ನಿಯಮ ಯಾವತ್ತಾದ್ರೂ ವಾಪಸ್ ಹೋಗಿದ್ದುಂಟಾ?

ನೀಲಿಛತ್ರಿ

ನಾವಿರೋ ಅಪಾರ್ಟ್‌ಮೆಂಟಿನ ಗೇಟಿಗೆ ಹೋದ ತಿಂಗಳು ಮುಖ ಗುರುತಿಸೋ ಕ್ಯಾಮೆರಾ ಹಾಕಿದ್ರು. ಎರಡು ಮನೆ ಕಳ್ಳತನ ಆದ ಮೇಲೆ ತಗೊಂಡ ತೀರ್ಮಾನ. ನೋಟಿಸಿನಲ್ಲಿ ‘ಸದ್ಯಕ್ಕೆ ಮಾತ್ರ, ಪರಿಸ್ಥಿತಿ ಸರಿಹೋಗುವವರೆಗೆ’ ಅಂತ ಬರೆದಿದೆ.

ಮುಖ ದಾಖಲು ಮಾಡಿಕೊಂಡ ದಿನ ನಾನು ಅಲ್ಲೇ ಇದ್ದೆ. ನಿವಾಸಿಗಳೆಲ್ಲ ಫೋನಿನಿಂದಲೇ ಫೋಟೋ ಕಳಿಸಿದ್ರೆ ಸಾಕಿತ್ತು. ಮನೆಕೆಲಸಕ್ಕೆ ಬರೋರನ್ನ ಮಾತ್ರ ಗೇಟಿನ ಹತ್ರ ಸಾಲಾಗಿ ನಿಲ್ಲಿಸಿದ್ರು. ವಯಸ್ಸಾದ ಅಮ್ಮ ಒಬ್ಬರು ಕನ್ನಡಕ ತೆಗೆದ್ರು, ಹಾಕಿದ್ರು, ಮತ್ತೆ ತೆಗೆದ್ರು. ಮೂರು ಸಲವೂ ಕೆಂಪು ದೀಪ. ಯಂತ್ರ ಕೂರಿಸೋಕೆ ಬಂದಿದ್ದ ಹುಡುಗ ಅವರ ಗದ್ದಕ್ಕೆ ಕೈ ಹಾಕಿ ಮೇಲೆತ್ತಿದ. ಹಸಿರು ದೀಪ ಬಂತು. ‘ಇದು ಯಾಕಪ್ಪಾ?’ ಅಂತ ಅವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಆ ಫೋಟೋಗಳು ಎಲ್ಲಿರುತ್ತವೆ, ಯಾರು ನೋಡ್ತಾರೆ, ಯಾವಾಗ ಅಳಿಸ್ತೀರಿ ಅಂತ ನಾನು ಸಮಿತಿಯವರನ್ನ ಕೇಳಿದೆ. ‘ನೀವು ತಪ್ಪು ಮಾಡಿಲ್ಲ ಅಂದ ಮೇಲೆ ಭಯ ಯಾಕೆ?’ ಅಂದ್ರು. ಆಗ ನನಗೆ ಉತ್ತರ ಹೊಳೀಲಿಲ್ಲ. ಆಮೇಲೆ ರಾತ್ರಿಯೆಲ್ಲ ಅದೇ ತಲೆಯಲ್ಲಿ.

ಇಲ್ಲಿ ಓದಿಕೊಂಡವರಿದ್ದೀರಿ. ಎರಡು ಪ್ರಶ್ನೆ. ಇದು ನಾಗರಿಕ ಹಕ್ಕಿನ ವಿಷಯವೋ ಅಥವಾ ನಾನು ಸುಮ್ನೆ ದೊಡ್ಡದು ಮಾಡ್ತಿದ್ದೀನೋ? ಎರಡನೇದು, ತಾತ್ಕಾಲಿಕ ಅಂತ ಬಂದದ್ದು ನಿಜವಾಗಿ ಯಾವಾಗಲಾದ್ರೂ ಹಿಂದಕ್ಕೆ ಹೋಗಿದೆಯಾ?

ಕಡತಪ್ರಿಯ

ಎರಡನೇ ಪ್ರಶ್ನೆಗೆ ಮೊದಲು ಕೆಟ್ಟ ಸುದ್ದಿ ಹೇಳಿಬಿಡ್ತೀನಿ.

1933ರ ಫೆಬ್ರವರಿ 27ರ ರಾತ್ರಿ ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೇ ದಿನವೇ ಒಂದು ಆದೇಶ ಬಂತು. ಮಾತು, ಪತ್ರಿಕೆ, ಸಭೆ, ಅಂಚೆ ಮತ್ತು ಫೋನಿನ ಗುಟ್ಟು, ಮನೆಯೊಳಗೆ ನುಗ್ಗದಂತೆ ಇದ್ದ ರಕ್ಷಣೆ, ಎಲ್ಲ ಹಕ್ಕುಗಳೂ ‘ಮುಂದಿನ ಆದೇಶದವರೆಗೆ’ ಅಮಾನತು. ಆ ಮುಂದಿನ ಆದೇಶ ಬರಲೇ ಇಲ್ಲ. 1945ರಲ್ಲಿ ಆ ಆಡಳಿತವೇ ಮಣ್ಣುಪಾಲಾಗೋವರೆಗೂ ಅದು ಜಾರಿಯಲ್ಲಿತ್ತು. ಗಮನಿಸಿ, ಅದು ಸಂವಿಧಾನವನ್ನ ಹರಿದು ಹಾಕಿ ಮಾಡಿದ್ದಲ್ಲ. ಅದೇ ಸಂವಿಧಾನದ 48ನೇ ವಿಧಿ ಕೊಟ್ಟ ಅಧಿಕಾರದಿಂದಲೇ ಮಾಡಿದ್ದು.

ಸಿರಿಯಾದಲ್ಲಿ 1963ರಲ್ಲಿ ಹೇರಿದ ತುರ್ತು ಪರಿಸ್ಥಿತಿ 2011ರವರೆಗೆ ಇತ್ತು. 48 ವರ್ಷ. ಒಂದು ಪೀಳಿಗೆ ತುರ್ತಿನಲ್ಲೇ ಹುಟ್ಟಿ ತುರ್ತಿನಲ್ಲೇ ಮಕ್ಕಳನ್ನ ಹೆತ್ತಿತು.

ಹೊಂಗೆನೆರಳು

ಗೇಟಿನ ಕ್ಯಾಮೆರಾಗೂ ಹಿಟ್ಲರನಿಗೂ ಹೋಲಿಕೆಯಾ? ಇದು ಅತಿಯಾಯ್ತು ಸರ್.

ಕಡತಪ್ರಿಯ

@ಹೊಂಗೆನೆರಳು ಕ್ಯಾಮೆರಾವನ್ನ ಹೋಲಿಸಿಲ್ಲ, ‘ಮುಂದಿನ ಆದೇಶದವರೆಗೆ’ ಅನ್ನೋ ಮಾತನ್ನ ಹೋಲಿಸಿದ್ದು. ಸರ್ವಾಧಿಕಾರ ಬೇಡ, ಪ್ರಜಾಪ್ರಭುತ್ವದ ಉದಾಹರಣೆಯೇ ತಗೊಳ್ಳಿ. ಪ್ಯಾರಿಸ್ ಮೇಲೆ 2015ರ ನವೆಂಬರ್ 13ರಂದು ಉಗ್ರರ ದಾಳಿ ಆದಾಗ ಫ್ರಾನ್ಸ್ ತುರ್ತು ಪರಿಸ್ಥಿತಿ ಘೋಷಿಸಿತು. ಆರು ಸಲ ವಿಸ್ತರಿಸಿ, 2017ರ ನವೆಂಬರ್ 1ಕ್ಕೆ ಮುಗಿಸಿದ್ರು. ಆದ್ರೆ ಮುಗಿಸೋ ಮುಂಚೆ ಏನು ಮಾಡಿದ್ರು ಗೊತ್ತಾ? ತುರ್ತಿನ ಹಲವು ಅಧಿಕಾರಗಳನ್ನ ಸಾಮಾನ್ಯ ಕಾನೂನಿಗೇ ಸೇರಿಸಿದ್ರು. ತುರ್ತು ಹೋಯ್ತು, ಅಧಿಕಾರ ಉಳೀತು.

ಕರಿಕೋಟು

ನಾನು ವಕೀಲಿ ಮಾಡ್ತೀನಿ. ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿರಲಿ.

ಕಟ್ಟುನಿಟ್ಟಾಗಿ ನೋಡಿದ್ರೆ ಸಂವಿಧಾನದ ಹಕ್ಕುಗಳು ಬಹುಪಾಲು ಪ್ರಭುತ್ವದ ವಿರುದ್ಧ ಇರೋವು. ನಿವಾಸಿಗಳ ಸಂಘ ಪ್ರಭುತ್ವ ಅಲ್ಲ. ಆದ್ದರಿಂದ ‘ಮೂಲಭೂತ ಹಕ್ಕಿನ ಉಲ್ಲಂಘನೆ’ ಅಂತ ನೇರವಾಗಿ ಕೋರ್ಟಿಗೆ ಹೋದ್ರೆ ಮೊದಲ ಪ್ರಶ್ನೆಯಲ್ಲೇ ಎಡವುತ್ತೀರಿ. ಅಷ್ಟಕ್ಕೆ ಪ್ರಶ್ನೆ ಮುಗಿಯಲ್ಲ. ಯೂರೋಪಿನಲ್ಲಿ 2018ರಿಂದ ಜಾರಿಯಿರೋ ದತ್ತಾಂಶ ಕಾನೂನು, ಗುರುತಿಗಾಗಿ ಬಳಸೋ ಮುಖದ ಮಾಹಿತಿಯನ್ನ ವಿಶೇಷ ರಕ್ಷಣೆಯ ಪಟ್ಟಿಗೆ ಸೇರಿಸಿದೆ, ತಗೊಳ್ಳೋರು ಖಾಸಗಿಯವರಾದ್ರೂ ಸರಿ. ನಮ್ಮಲ್ಲೂ 2023ರಲ್ಲಿ ಕಾಯ್ದೆ ಆಗಿದೆ. ಅದರ ಜೀವಾಳ ಒಪ್ಪಿಗೆ. ಗದ್ದ ಹಿಡಿದು ಎತ್ತಿದ್ದು ಒಪ್ಪಿಗೆ ಅಲ್ಲ. ಒಪ್ಪದಿದ್ರೆ ನಾಳೆಯಿಂದ ಕೆಲಸಕ್ಕೆ ಒಳಗೆ ಬರೋ ಹಾಗಿಲ್ಲ ಅನ್ನೋ ಸ್ಥಿತಿಯಲ್ಲಿ ‘ಹೂಂ’ ಅಂದದ್ದನ್ನೂ ನಾನು ಒಪ್ಪಿಗೆ ಅನ್ನಲ್ಲ.

ಇನ್ನು ಮಿತಿಯ ವಿಷಯ. ಹಕ್ಕಿಗೆ ಮಿತಿ ಇರಲೇಬಾರದು ಅಂತ ಯಾವ ಗಂಭೀರ ವ್ಯಕ್ತಿಯೂ ಹೇಳಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನ ಮೂಲಭೂತ ಹಕ್ಕು ಅಂದಾಗಲೂ ಮಿತಿ ಒಪ್ಪಿಕೊಂಡಿತ್ತು. ಆದ್ರೆ ಮಿತಿ ಹಾಕೋರು ಮೊದಲು ಕೆಲವು ಪ್ರಶ್ನೆಗೆ ಉತ್ತರ ಕೊಡಬೇಕು. ಅದಕ್ಕೊಂದು ಕಾನೂನು ಇದೆಯಾ? ಉದ್ದೇಶ ನ್ಯಾಯವಾದದ್ದಾ? ಆ ಉದ್ದೇಶಕ್ಕೆ ಇಷ್ಟು ಬೇಕೇ ಬೇಕಾ, ಕಡಿಮೆಯಲ್ಲಿ ಆಗಲ್ವಾ? ಮಾತು ಬದಲಾಗಿದ್ದು ಇಲ್ಲೇ. ಮೊದಲು ಕಾರಣ ಹೇಳಬೇಕಾದವರು ಅಧಿಕಾರ ಇರೋರು. ಈಗ ‘ಭಯ ಯಾಕೆ’ ಅಂತ ಕಾರಣ ನಿಮ್ಮನ್ನ ಕೇಳ್ತಿದ್ದಾರೆ. ಹಕ್ಕು ಸವೀತಿದೆ ಅಂತಾರಲ್ಲ, ನನ್ನ ಪ್ರಕಾರ ಅದು ಇದೇ.

ರಾತ್ರಿಪಾಳಿ

ನಾನು ಸೆಕ್ಯುರಿಟಿ ಕೆಲಸದಲ್ಲಿದ್ದೀನಿ, ಹನ್ನೊಂದು ವರ್ಷ ಆಯ್ತು. ಗೇಟಿನ ಆ ಕಡೆಯಿಂದ ಒಂದು ಮಾತು.

ಕಳ್ಳತನ ಆದ್ರೆ ಮೊದಲು ಅನುಮಾನ ಬರೋದು ನಮ್ಮ ಮೇಲೆ. ಹಿಂದಿನ ಕಡೆ ಒಂದು ಮನೆಯಲ್ಲಿ ಒಡವೆ ಹೋಯ್ತು. ನನ್ನನ್ನ, ನನ್ನ ಜೊತೆಗಾರನ್ನ ಬೆಳಗಿನವರೆಗೂ ಕೂರಿಸಿ ವಿಚಾರಿಸಿದ್ರು. ಕೊನೆಗೆ ಕ್ಯಾಮೆರಾ ನೋಡಿದಾಗ ನಾವು ಜಾಗ ಬಿಟ್ಟು ಅಲ್ಲಾಡಿಲ್ಲ ಅಂತ ಗೊತ್ತಾಯ್ತು. ಕ್ಯಾಮೆರಾ ಇಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ. ಅದಕ್ಕೆ ಕ್ಯಾಮೆರಾನೇ ಬೇಡ ಅನ್ನೋರ ಜೊತೆ ನಾನಿಲ್ಲ.

ಆದ್ರೆ ಇನ್ನೊಂದು ಇದೆ. ನಮ್ಮ ಏಜೆನ್ಸಿಯವರು ಫೋನಿಗೆ ಒಂದು ಆ್ಯಪ್ ಹಾಕಿಸಿದ್ದಾರೆ. ರಾತ್ರಿ ಗಂಟೆಗೊಂದು ಸಲ ಮುಖದ ಫೋಟೋ ಕಳಿಸಬೇಕು. ಶೌಚಕ್ಕೆ ಹೋಗಿದ್ದಾಗ ಫೋನ್ ಬಡ್ಕೊಂಡ್ರೆ ಅಲ್ಲಿಂದಲೇ ಕಳಿಸಿದವರೂ ಇದ್ದಾರೆ. ಒಂದು ತಪ್ಪಿದ್ರೆ ಸಂಬಳದಲ್ಲಿ ಹಿಡೀತಾರೆ. ನಮ್ಮನ್ನ ನೋಡ್ತಾ ಇರೋರನ್ನ ನಾವು ನೋಡಿಲ್ಲ, ಅವರ ಹೆಸರೂ ಗೊತ್ತಿಲ್ಲ. ನಿಮಗೆ ಈ ಕಷ್ಟ ಇವತ್ತು ಗೇಟಿಗೆ ಬಂದಿದೆ ಮೇಡಂ. ನಮ್ಮ ಜೇಬಿಗೆ ಯಾವತ್ತೋ ಬಂದಾಗಿದೆ.

ಮುಗಿಲುಮಲ್ಲಿಗೆ

@ರಾತ್ರಿಪಾಳಿ ಅಣ್ಣ, ಇಷ್ಟು ಹೊತ್ತಿನ ಚರ್ಚೆಯಲ್ಲಿ ನಿಮ್ಮದೇ ತೂಕದ ಮಾತು.

ಹೊಂಗೆನೆರಳು

ಅದನ್ನೇ ನಾನು ಹೇಳ್ತಿರೋದು. ಅವರನ್ನ ಉಳಿಸಿದ್ದು ಕ್ಯಾಮೆರಾ. ಬದುಕೋ ಹಕ್ಕು, ಆಸ್ತಿಯ ಸುರಕ್ಷತೆ ಇವೂ ಹಕ್ಕುಗಳೇ ಅಲ್ವಾ? ನಮ್ಮ ತಾಯಿ ಒಬ್ಬರೇ ಮನೆಯಲ್ಲಿರ್ತಾರೆ. ಬಾಗಿಲು ಯಾರು ತಟ್ತಿದ್ದಾರೆ ಅಂತ ಗೊತ್ತಾಗೋದು ಅವರಿಗೆ ಬೇಕು. ಅವರ ನೆಮ್ಮದಿಗೆ ಇಲ್ಲಿ ಯಾರೂ ಲೆಕ್ಕ ಇಡ್ತಿಲ್ಲ.

ಕರಿಕೋಟು

@ಹೊಂಗೆನೆರಳು ಖಂಡಿತ ಲೆಕ್ಕಕ್ಕಿದೆ. ಆದ್ರೆ ಸುಮ್ನೆ ದೃಶ್ಯ ಹಿಡಿದು ಕೆಲವು ವಾರದಲ್ಲಿ ಅಳಿಸೋ ಕ್ಯಾಮೆರಾ ಬೇರೆ, ಮುಖವನ್ನ ಅಳತೆ ಮಾಡಿ ಹೆಸರಿಗೆ ಜೋಡಿಸಿ ಇಟ್ಟುಕೊಳ್ಳೋ ಯಂತ್ರ ಬೇರೆ. ರಾತ್ರಿಪಾಳಿಯವರನ್ನ ಉಳಿಸಿದ್ದು ಮೊದಲನೇದು. ಎರಡನೇದು ತಪ್ಪಿದಾಗ ಏನಾಗುತ್ತೆ? 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ಯಂತ್ರ ತೋರಿಸಿದ ಹೋಲಿಕೆ ನಂಬಿ ಒಬ್ಬರನ್ನ ಅವರ ಮನೆ ಮುಂದೆ, ಹೆಂಡತಿ ಮಕ್ಕಳ ಕಣ್ಣೆದುರೇ ಬಂಧಿಸಿದ್ರು. ಸುಮಾರು 30 ಗಂಟೆ ಒಳಗಿದ್ರು. ಕಳ್ಳ ಅವರಲ್ಲ, ಮಸುಕು ಚಿತ್ರ ಅಷ್ಟೆ.

ಮುಗಿಲುಮಲ್ಲಿಗೆ

ನನಗೆ ಈ ‘ಸವೀತಿದೆ’ ಅನ್ನೋ ಪದದ ಮೇಲೇ ತಕರಾರಿದೆ. ಯಾವ ಕಾಲದಲ್ಲಿ ಪೂರ್ತಿ ಇತ್ತು ಸ್ವಾಮಿ, ಈಗ ಸವೆಯೋಕೆ?

ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತ ಬಂದದ್ದು 1971ರಲ್ಲಿ. ಅಲ್ಲಿನ ಒಂದು ಪ್ರಾಂತ್ಯ ತನ್ನ ಸ್ಥಳೀಯ ಚುನಾವಣೆಗೆ 1990ರವರೆಗೂ ಕೊಡಲಿಲ್ಲ, ಕೊನೆಗೆ ಕೋರ್ಟ್ ಹೇಳಿ ಕೊಡಿಸಿತು. ಅಮೆರಿಕದಲ್ಲಿ ಕರಿಯರು ಬಿಳಿಯರು ಮದುವೆಯಾಗೋದನ್ನ ತಡೀತಿದ್ದ ಕಾನೂನುಗಳು ಬಿದ್ದದ್ದು 1967ರಲ್ಲಿ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲೇ ‘ಎಲ್ಲ ಪುರುಷರೂ’ ಅಂತ ಬರೋದಿತ್ತು. ನಮ್ಮ ಹಂಸಾ ಮೆಹ್ತಾ ಅವರು ಹಟ ಹಿಡಿದು ‘ಎಲ್ಲ ಮಾನವರೂ’ ಅಂತ ಮಾಡಿಸಿದ್ರು. 1948ರ ಮಾತು ಅದು. ಹಿಂದೆ ಎಲ್ಲ ಚೆನ್ನಾಗಿತ್ತು ಅಂತ ಅನ್ನಿಸೋದು ಹಿಂದೆ ಚೆನ್ನಾಗಿದ್ದವರಿಗೆ ಮಾತ್ರ. ಗೇಟಿನ ಹತ್ರ ಗದ್ದ ಎತ್ತಿಸಿಕೊಂಡ ಆ ಅಮ್ಮನ ಅಜ್ಜಿಗೆ ಯಾವ ಖಾಸಗಿತನ ಇತ್ತು?

ಕಡತಪ್ರಿಯ

ಒಪ್ಪಿದೆ, ಅರ್ಧಕ್ಕೆ. ಹಕ್ಕು ಬೆಳೆದಿದೆ ನಿಜ. ಆದ್ರೆ ಬೆಳೆದದ್ದು ತಾನಾಗೇ ಉಳಿಯಲ್ಲ. ಅಮೆರಿಕದಲ್ಲಿ 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು. ಹಿಂದೆ ತಾರತಮ್ಯ ಮಾಡಿದ್ದ ಪ್ರದೇಶಗಳು ಮತದಾನದ ನಿಯಮ ಬದಲಿಸೋ ಮುಂಚೆ ಕೇಂದ್ರದ ಅನುಮತಿ ತಗೋಬೇಕಿತ್ತು. ಯಾವ ಪ್ರದೇಶಕ್ಕೆ ಅನ್ವಯ ಅನ್ನೋ ಸೂತ್ರವನ್ನೇ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಾಯ್ದೆಯ ಹೆಸರು ಹಾಗೇ ಇದೆ, ಅನುಮತಿ ತಗೊಳ್ಳೋ ಪ್ರಮೇಯವೇ ಹೋಯ್ತು. ಪುಸ್ತಕದಲ್ಲಿ ನೋಡಿದ್ರೆ ಸವೆದದ್ದು ಕಾಣಲ್ಲ.

ಮುಗಿಲುಮಲ್ಲಿಗೆ

ಹಾಗೆ ಹೇಳಿದ್ರೆ ಸರಿ. ನನ್ನ ಸಿಟ್ಟು ‘ಆ ಕಾಲ’ದ ಮೇಲೆ.

ಪದಹುಚ್ಚ

ವಿಷಯ ಸ್ವಲ್ಪ ಬಿಟ್ಟು ಹೋಗ್ತೀನಿ, ಕ್ಷಮೆಯಿರಲಿ. ಕೆಲವರು ‘ಗೋಪ್ಯತೆಯ ಹಕ್ಕು’ ಅಂತ ಬರೀತಾರೆ, ಕೆಲವರು ‘ಖಾಸಗಿತನದ ಹಕ್ಕು’ ಅಂತಾರೆ. ಎರಡೂ ಒಂದೇ ಅಲ್ಲ. ಗೋಪ್ಯ ಅಂದ್ರೆ ಬಚ್ಚಿಟ್ಟದ್ದು. ಗೋಪ್ಯತೆ ಅಂದ ತಕ್ಷಣ ‘ಬಚ್ಚಿಡೋಕೆ ಏನಿದೆ ನಿಮ್ಮ ಹತ್ರ?’ ಅನ್ನೋ ಪ್ರಶ್ನೆ ತಾನಾಗೇ ಹುಟ್ಟುತ್ತೆ. ಖಾಸಗಿ ಅಂದ್ರೆ ಸ್ವಂತದ್ದು. ನನ್ನ ಊಟದ ತಟ್ಟೆ ಖಾಸಗಿ, ಗೋಪ್ಯ ಅಲ್ಲ. ಸ್ನಾನದ ಬಾಗಿಲು ಹಾಕೋದು ಒಳಗೆ ಅಪರಾಧ ನಡೀತಿದೆ ಅಂತಲ್ಲ.

ನೀಲಿಛತ್ರಿಯವರು ಸಮಿತಿಯಲ್ಲಿ ಮಾತಾಡುವಾಗ ಗೋಪ್ಯತೆ ಅನ್ನೋ ಪದ ಬಿಟ್ಟುಬಿಡಿ. ಅರ್ಧ ವಾದ ಅಲ್ಲೇ ಸೋಲ್ತೀರಿ.

ಹೊಳೆಸಾಲು

ಹಕ್ಕು ಅನ್ನೋದೂ ಅರಬ್ಬೀ ಮೂಲದ್ದೇ ಅಲ್ವಾ? ‘ಹಕ್’.

ಪದಹುಚ್ಚ

ಹೌದು. ಅಲ್ಲಿ ಅದಕ್ಕೆ ಸತ್ಯ ಅನ್ನೋ ಅರ್ಥವೂ ಇದೆ. ನಮ್ಮ ‘ಅಧಿಕಾರ’ ನೋಡಿ, ಹಿಂದಿಯಲ್ಲಿ ಅದೇ ಪದ ಹಕ್ಕಿಗೂ ಬಳಕೆ. ಕನ್ನಡದಲ್ಲಿ ಹಕ್ಕು ಬೇರೆ, ಅಧಿಕಾರ ಬೇರೆ ಇರೋದು ನನಗೆ ಬಹಳ ಇಷ್ಟ.

ಕಿರುದೀಪ

ನಾನು ನರ್ಸ್. ಸಾಂಕ್ರಾಮಿಕದ ಎರಡು ವರ್ಷ ವಾರ್ಡಿನಲ್ಲಿದ್ದವಳು. ‘ನನ್ನ ದೇಹ ನನ್ನ ಹಕ್ಕು, ಮಾಸ್ಕ್ ಹಾಕಲ್ಲ’ ಅಂತ ಕೂಗಾಡಿದವರನ್ನೂ ನೋಡಿದ್ದೀನಿ, ಅವರ ಪಕ್ಕದ ಹಾಸಿಗೆಯಲ್ಲಿ ಉಸಿರಿಗೆ ಒದ್ದಾಡಿದವರನ್ನೂ ನೋಡಿದ್ದೀನಿ. ಹಕ್ಕಿಗೆ ಮಿತಿ ಬೇಕು ಅನ್ನೋದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಇಲ್ಲ.

ಆದ್ರೂ ಒಂದು ವಿಷಯ ಓದಿದ ಮೇಲೆ ನನ್ನ ನಿಲುವು ಸ್ವಲ್ಪ ಅಲುಗಾಡಿತು. ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲಿ ಸಿಡುಬಿನ ಲಸಿಕೆ ಕಡ್ಡಾಯ ಮಾಡಬಹುದು ಅಂತ ತೀರ್ಪು ಕೊಟ್ಟಿತು. ಸರಿಯಾದ ತೀರ್ಪು ಅಂತಲೇ ನಾನು ಈಗಲೂ ಅಂದ್ಕೊಳ್ತೀನಿ. 1927ರಲ್ಲಿ ಅದೇ ಕೋರ್ಟ್ ‘ಬುದ್ಧಿಮಾಂದ್ಯ’ ಅಂತ ಹಣೆಪಟ್ಟಿ ಹಚ್ಚಿದ ಯುವತಿಯೊಬ್ಬಳಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡಬಹುದು ಅಂದಿತು. ಆಧಾರವಾಗಿ ತೋರಿಸಿದ್ದು ಯಾವುದನ್ನ? ಲಸಿಕೆಯ ಆ ತೀರ್ಪನ್ನ. ಒಂದು ಸಣ್ಣ ಸೂಜಿಯಿಂದ ಅಲ್ಲಿಗೆ ಹೋಗೋಕೆ 22 ವರ್ಷ ಸಾಕಾಯ್ತು.

ಅಂದಿನಿಂದ ನನಗೆ ಮಿತಿ ಇರಬೇಕಾ ಅನ್ನೋದು ಪ್ರಶ್ನೆಯಾಗಿ ಉಳಿದಿಲ್ಲ. ಆ ಮಿತಿಯ ಮಿತಿ ಎಲ್ಲಿ ಬರೆದಿದೆ ಅಂತ ಹುಡುಕ್ತೀನಿ.

ಕರಿಕೋಟು

@ಕಿರುದೀಪ ಬರೆದಿದೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 4ನೇ ವಿಧಿ ಓದಿ. ದೇಶದ ಬದುಕಿಗೇ ಕುತ್ತು ಬಂದಾಗ ಹಲವು ಹಕ್ಕು ತಡೆಹಿಡಿಯಬಹುದು, ಅದೂ ಪರಿಸ್ಥಿತಿಗೆ ಎಷ್ಟು ಬೇಕೋ ಅಷ್ಟೇ. ಆದ್ರೆ ಚಿತ್ರಹಿಂಸೆ, ಗುಲಾಮಗಿರಿ ಯಾವ ತುರ್ತಿನಲ್ಲೂ ಕೂಡದು. ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ ಮುಟ್ಟುವಂತಿಲ್ಲ.

ಹಳೇಸೈಕಲ್

ನಮ್ಮಲ್ಲಿ ತುರ್ತು ಪರಿಸ್ಥಿತಿ ಕಾಲದಲ್ಲಿ ಸುಪ್ರೀಂ ಕೋರ್ಟಿನ ಐದೂ ಜನ ಜಡ್ಜುಗಳು ಸರ್ಕಾರದ ಪರ ನಿಂತರಲ್ಲ, ಅದನ್ನ ಮರೀಬೇಡಿ. ವಿಚಾರಣೆ ಇಲ್ಲದೆ ಒಳಗೆ ಹಾಕಿದ್ರೂ ಕೋರ್ಟಿಗೆ ಹೋಗೋ ಹಾಗಿಲ್ಲ ಅಂದ್ರು. ನಮ್ಮಪ್ಪ ಪೇಪರ್ ಮಡಚಿ ಪಕ್ಕಕ್ಕಿಟ್ಟು ಅವತ್ತು ಯಾರ ಹತ್ರನೂ ಮಾತಾಡಲಿಲ್ಲ.

ಕಡತಪ್ರಿಯ

ಸಣ್ಣ ತಿದ್ದುಪಡಿ. ಐವರಲ್ಲಿ ನಾಲ್ವರು. 1976ರ ಏಪ್ರಿಲ್ 28ರ ಜಬಲ್‌ಪುರ ಪ್ರಕರಣ. ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದ್ರು. ಅದಕ್ಕೆ ಬೆಲೆಯನ್ನೂ ತೆತ್ತರು. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರನ್ನ ದಾಟಿ ಕಿರಿಯರಿಗೆ ಹೋಯ್ತು, ಅವರು ರಾಜೀನಾಮೆ ಕೊಟ್ರು. 1978ರಲ್ಲಿ ಸಂವಿಧಾನದ 44ನೇ ತಿದ್ದುಪಡಿಯಿಂದ 20 ಮತ್ತು 21ನೇ ವಿಧಿಗಳನ್ನ (ಅಪರಾಧದ ಆರೋಪ ಹೊತ್ತವರಿಗೆ ರಕ್ಷಣೆ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ತುರ್ತಿನಲ್ಲೂ ಅಮಾನತಿನಲ್ಲಿಡೋ ಹಾಗಿಲ್ಲ ಅಂತಾಯ್ತು. ಆ ತೀರ್ಪು ತಪ್ಪು ಅಂತ ಕೋರ್ಟೇ ಹೇಳಿದ್ದು 2017ರಲ್ಲಿ. ಹಾಗೆ ಬರೆದವರು ಡಿ.ವೈ. ಚಂದ್ರಚೂಡ್. 1976ರ ಆ ನಾಲ್ವರಲ್ಲಿ ಅವರ ತಂದೆಯೂ ಒಬ್ಬರು.

ಹಳೇಸೈಕಲ್

ತಿದ್ದಿದ್ದಕ್ಕೆ ಧನ್ಯವಾದ. ಖನ್ನಾ ಹೆಸರು ನಮ್ಮಪ್ಪ ಹೇಳ್ತಿದ್ದದ್ದು ಈಗ ನೆನಪಾಯ್ತು.

ಬಿಳಿಹಾಳೆ

ಯಾರೂ ಬಂದು ತಡೀಲಿಲ್ಲ, ನೋಟಿಸ್ ಇಲ್ಲ, ಬೆದರಿಕೆ ಇಲ್ಲ, ಆದ್ರೂ ಹಕ್ಕು ಹೋಗುತ್ತೆ. ಅದನ್ನ ಹೇಳಬೇಕು.

ಹೋದ ವರ್ಷ ಕೆಲಸ ಹುಡುಕ್ತಿದ್ದೆ. ಅರ್ಜಿ ಹಾಕೋ ಮುಂಚೆ ಸೋಶಿಯಲ್ ಮೀಡಿಯಾ ಖಾತೆ ನೋಡ್ತಾರೆ ಅಂತ ಗೆಳತಿ ಹೇಳಿದ್ಲು. ರಾತ್ರಿ ಕೂತು ಏಳು ವರ್ಷದ ಬರಹ ಅಳಿಸಿದೆ. ಒಂದು ಕಾಲುವೆ ಕೊಳಕಾಗಿದ್ದರ ಬಗ್ಗೆ ಬರೆದದ್ದು, ಒಂದು ಬೇಲ್ ತೀರ್ಪಿನ ಬಗ್ಗೆ ಬರೆದದ್ದು, ಒಂದು ಕವನ. ಅವುಗಳಲ್ಲಿ ಒಂದೂ ಕಾನೂನುಬಾಹಿರ ಅಲ್ಲ. ಕವನ ಅಳಿಸುವಾಗ ಸ್ವಲ್ಪ ಹೊತ್ತು ಬೆರಳು ನಿಂತಿತ್ತು. ಕೆಲಸ ಸಿಕ್ಕಿತು. ಆಮೇಲೆ ನಾನು ಏನೂ ಬರೆದಿಲ್ಲ. ಇದೇ ಮೊದಲು, ಅದೂ ಈ ಹೆಸರಲ್ಲಿ.

ನೀಲಿಛತ್ರಿ

@ಬಿಳಿಹಾಳೆ ಓದಿ ಸುಮ್ಮನೆ ಕೂತುಬಿಟ್ಟೆ.

ಹೊಳೆಸಾಲು

ಬರೆದದ್ದು ತಪ್ಪಲ್ಲ ಅಂತ ಕೋರ್ಟ್ ಹೇಳಿದ್ರೂ ಸಾಲದು. 66ಎ ನೆನಪಿದೆಯಾ? ಆನ್‌ಲೈನಿನಲ್ಲಿ ಬರೆದದ್ದಕ್ಕೆ ಬಂಧಿಸ್ತಿದ್ದ ಸೆಕ್ಷನ್. 2015ರ ಮಾರ್ಚ್‌ನಲ್ಲಿ ರದ್ದಾಯ್ತು. ಆಮೇಲೂ ವರ್ಷಗಟ್ಟಲೆ ಅದೇ ಸೆಕ್ಷನ್ ಹಾಕಿ ಕೇಸ್ ದಾಖಲಾಗ್ತಿತ್ತು. ಇನ್ಮುಂದೆ ಯಾರನ್ನೂ ಅದರಡಿ ವಿಚಾರಣೆಗೆ ಗುರಿಪಡಿಸಬೇಡಿ ಅಂತ 2022ರಲ್ಲಿ ಮತ್ತೆ ಆದೇಶ ಮಾಡಬೇಕಾಯ್ತು.

ಹೊಂಗೆನೆರಳು

ಸತ್ತ ಕಾನೂನಿಗೆ ಕೇಸಾ? ಇದು ನನಗೆ ಗೊತ್ತಿರಲಿಲ್ಲ. ಇದು ತಪ್ಪು, ಇದರಲ್ಲಿ ಎರಡು ಮಾತಿಲ್ಲ.

ಆದ್ರೂ ನೀಲಿಛತ್ರಿಯವರ ಪ್ರಶ್ನೆಗೆ ಯಾರೂ ಒಳ್ಳೆ ಸುದ್ದಿಯ ಉತ್ತರ ಕೊಟ್ಟಿಲ್ಲ. ಒಂದಾದ್ರೂ ವಾಪಸ್ ಹೋಗಿದೆಯೋ ಇಲ್ವೋ?

ಕಡತಪ್ರಿಯ

ಹೋಗಿದೆ. ನನಗೆ ಬಹಳ ಇಷ್ಟವಾದ ಪ್ರಸಂಗ.

ಎರಡನೇ ಮಹಾಯುದ್ಧ ಶುರುವಾದಾಗ, 1939ರಲ್ಲಿ, ಬ್ರಿಟನ್ನಿನಲ್ಲಿ ಎಲ್ಲರಿಗೂ ಗುರುತಿನ ಚೀಟಿ ಕಡ್ಡಾಯ ಮಾಡಿದ್ರು. ಯುದ್ಧಕ್ಕೆ ಮಾತ್ರ ಅಂತ. ಯುದ್ಧ ಮುಗಿದು ಐದು ವರ್ಷವಾದ್ರೂ ಪೊಲೀಸರು ಅದನ್ನ ಕೇಳ್ತಾನೇ ಇದ್ರು. 1950ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಸ್ತೆಯಲ್ಲಿ ಕಾರು ಓಡಿಸ್ತಿದ್ದ ಕ್ಲಾರೆನ್ಸ್ ವಿಲ್ಕಾಕ್ ಅನ್ನೋರನ್ನ ಪೇದೆ ನಿಲ್ಲಿಸಿ ಚೀಟಿ ಕೇಳಿದ. ಅವರು ತೋರಿಸಲ್ಲ ಅಂದ್ರು. ಕೇಸಾಯ್ತು. ಮೇಲಿನ ಕೋರ್ಟಿನಲ್ಲೂ ಕಾನೂನಿನ ಪ್ರಕಾರ ಅವರು ಸೋತರು. ಆದ್ರೆ ಮುಖ್ಯ ನ್ಯಾಯಮೂರ್ತಿ ಗೊಡಾರ್ಡ್, ಒಂದು ಉದ್ದೇಶಕ್ಕೆ ಮಾಡಿದ ಕಾನೂನನ್ನ ಆ ಉದ್ದೇಶ ಮುಗಿದ ಮೇಲೂ ಬಳಸಿದ್ರೆ ಕಾನೂನು ಪಾಲಿಸೋ ಜನರೇ ಪೊಲೀಸರನ್ನ ದ್ವೇಷಿಸೋ ಹಾಗಾಗುತ್ತೆ ಅಂತ ಚಾಟಿ ಬೀಸಿದ್ರು. 1952ರ ಫೆಬ್ರವರಿಯಲ್ಲಿ ಚೀಟಿಗಳು ರದ್ದಾದವು.

ಮುಗಿಲುಮಲ್ಲಿಗೆ

ಒಬ್ಬರು ‘ತೋರಿಸಲ್ಲ’ ಅಂದದ್ದಕ್ಕೆ!

ಕಡತಪ್ರಿಯ

ಅವರೊಬ್ಬರಿಂದಲೇ ಅಂತ ಹೇಳಲ್ಲ, ಬೇಸತ್ತವರು ಬಹಳ ಜನ ಇದ್ರು. ಅವರು ನೆಪ ಒದಗಿಸಿದ್ರು. ಇನ್ನೊಂದು ಕಡೆ ನೋಡಿ, ದಾಖಲೆ ಉಳಿದ್ರೆ ಏನಾಗುತ್ತೆ ಅಂತ. ಯುದ್ಧಕ್ಕೆ ಮುಂಚೆ ನೆದರ್ಲೆಂಡ್ಸ್ ಬಹಳ ಅಚ್ಚುಕಟ್ಟಾಗಿ ಜನರ ನೋಂದಣಿ ಇಟ್ಟಿತ್ತು, ಧರ್ಮವೂ ಅದರಲ್ಲಿತ್ತು. ಕೆಟ್ಟ ಉದ್ದೇಶದಿಂದ ಇಟ್ಟಿದ್ದಲ್ಲ. 1940ರಲ್ಲಿ ನಾಜಿಗಳು ಬಂದಾಗ ಅವರ ಕೈಗೆ ಅದು ಸಿದ್ಧ ಪಟ್ಟಿಯಂತೆ ಸಿಕ್ಕಿತು. ಸುಮಾರು 1,40,000 ಯಹೂದಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. 1943ರ ಮಾರ್ಚ್ 27ರ ರಾತ್ರಿ ಪ್ರತಿರೋಧದ ಗುಂಪೊಂದು ಪೊಲೀಸರ ವೇಷದಲ್ಲಿ ಹೋಗಿ ಆಮ್‌ಸ್ಟರ್‌ಡಾಮಿನ ನೋಂದಣಿ ಕಚೇರಿಗೆ ಬೆಂಕಿ ಇಟ್ಟಿತು. ಒಂದು ಭಾಗದ ಚೀಟಿಗಳಷ್ಟೇ ಸುಟ್ಟವು. ಅದಕ್ಕಾಗಿ ಹನ್ನೆರಡು ಜನ ಗುಂಡೇಟಿಗೆ ಬಲಿಯಾದರು. ‘ತಪ್ಪು ಮಾಡಿಲ್ಲ ಅಂದ ಮೇಲೆ ಭಯ ಯಾಕೆ’ ಅನ್ನೋರಿಗೆ ನನ್ನ ಉತ್ತರ ಇದು. ಆ ಪಟ್ಟಿಯಲ್ಲಿದ್ದವರು ಯಾರೂ ತಪ್ಪು ಮಾಡಿರಲಿಲ್ಲ. ಪಟ್ಟಿ ಅದೇ ಇತ್ತು, ಅದನ್ನ ಓದೋರು ಬದಲಾದ್ರು.

ನೀಲಿಛತ್ರಿ

ಭಾನುವಾರ ಸಭೆ ಆಯ್ತು. ಇಲ್ಲಿಂದ ತಗೊಂಡ ಮಾತುಗಳನ್ನ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಗೋಪ್ಯತೆ ಅನ್ನೋ ಪದ ಬಳಸಲಿಲ್ಲ. ಹೊಂಗೆನೆರಳು ಅವರ ತಾಯಿಯ ಮಾತನ್ನೂ ಹೇಳಿದೆ, ಯಾಕಂದ್ರೆ ಅಂಥ ಹಿರಿಯರು ನಮ್ಮಲ್ಲೂ ಇದ್ದಾರೆ.

ಜಗಳ ಆಯ್ತು, ಆದ್ರೂ ಎರಡು ವಿಷಯ ಒಪ್ಪಿದ್ರು. ‘ಪರಿಸ್ಥಿತಿ ಸರಿಹೋಗುವವರೆಗೆ’ ಅನ್ನೋದನ್ನ ಹೊಡೆದು ಹಾಕಿ ಆರು ತಿಂಗಳು ಅಂತ ಬರೆದ್ರು, ಆಮೇಲೆ ಮತ್ತೆ ಮತಕ್ಕೆ ಹಾಕಬೇಕು. ಮುಖ ಕೊಡೋಕೆ ಇಷ್ಟ ಇಲ್ಲದವರು ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಬರಬಹುದು, ಕೆಲಸದವರಿಗೂ ಅದೇ ನಿಯಮ. ಫೋಟೋ ಯಾರ ಕಂಪ್ಯೂಟರಿನಲ್ಲಿದೆ ಅನ್ನೋದಕ್ಕೆ ಮಾತ್ರ ಇನ್ನೂ ಉತ್ತರ ಇಲ್ಲ. ಯಂತ್ರ ಹಾಕಿದ ಕಂಪನಿಯನ್ನ ಕೇಳ್ತೀವಿ ಅಂದಿದ್ದಾರೆ.

ಸೋಮವಾರ ಬೆಳಿಗ್ಗೆ ಆ ಅಮ್ಮ ಸಿಕ್ಕಾಗ ಇನ್ಮೇಲೆ ಯಂತ್ರದ ಮುಂದೆ ನಿಲ್ಲಬೇಕಿಲ್ಲ ಅಂತ ಹೇಳಿದೆ. ‘ಒಳ್ಳೇದಾಯ್ತು ಕಣವ್ವ. ಅವತ್ತು ತೆಗೆದದ್ದು?’ ಅಂದ್ರು.

ಕರಿಕೋಟು

ಅಳಿಸಿ ಅಂತ ಲಿಖಿತ ಅರ್ಜಿ ಕೊಡಿ. ಅವರ ಹೆಸರಲ್ಲೇ ಕೊಡಿ, ನಿಮ್ಮ ಹೆಸರಲ್ಲಿ ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಲುಪಿದ್ದಕ್ಕೆ ಸಹಿ, ತಾರೀಖು ಹಾಕಿಸಿಕೊಳ್ಳಿ. ಕರಡು ನಾನು ಇವತ್ತು ರಾತ್ರಿ ಬರೆದು ಕಳಿಸ್ತೀನಿ.

ರಾತ್ರಿಪಾಳಿ

ಸರ್, ಅದೇ ಕರಡಿನಲ್ಲಿ ಏಜೆನ್ಸಿಗೆ ಬರೆಯೋಕೆ ಆಗುತ್ತಾ? ನಾವು ಒಂಬತ್ತು ಜನ ಇದ್ದೀವಿ.

ಕರಿಕೋಟು

ಆಗುತ್ತೆ. ಒಂಬತ್ತೂ ಜನ ಒಂದೇ ಹಾಳೆಯಲ್ಲಿ ಸಹಿ ಹಾಕಿ. ನನಗೆ ಮೆಸೇಜ್ ಮಾಡಿ.